ಮೂವರು ಸೇರಿದರೆ ತಂಡವಲ್ಲ

ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಹೋದ ಭಾರತದ ಮಹಿಳಾ ಗಾಲ್ಫ್ ತಂಡದ ಮೂವರೂ ಕರ್ನಾಟಕದವರು: ಬೆಂಗಳೂರಿನ ಅದಿತಿ ಅಶೋಕ್, ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನವರೇ ಆದ ಅವನಿ ಪ್ರಶಾಂತ್. ಒಂದು ದೇಶದ ತಂಡ ಇಡಿಯಾಗಿ ಒಂದೇ ರಾಜ್ಯದಿಂದ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ 2023ರ ಅಕ್ಟೋಬರ್ 1ರಂದು ಅದಿತಿ ಬೆಳ್ಳಿ ಗೆದ್ದಾಗ ನಮ್ಮ ಕ್ರೀಡಾಪುಟಗಳು ಬರೆದದ್ದೆಲ್ಲ ಕೈತಪ್ಪಿದ ಚಿನ್ನದ ಬಗ್ಗೆ. ತಂಡ ನಾಲ್ಕನೆಯ ಸ್ಥಾನ ಪಡೆದದ್ದು ಸುದ್ದಿಯ ತುದಿಗೆ ಸೇರಿತು. ಅದಕ್ಕಾಗಿ ಪತ್ರಿಕೆಗಳನ್ನು ದೂರಲಾರೆ. ನನ್ನ ತಕರಾರು ಆ ಸ್ಪರ್ಧೆಗೆ ‘ತಂಡ’ ಎಂಬ ಹಣೆಪಟ್ಟಿ ಹಚ್ಚಿದವರ ಮೇಲೆ.

ಏಷ್ಯನ್ ಕ್ರೀಡಾಕೂಟದ ಕಟ್ಟಳೆ ಇಷ್ಟೇ. ಮೂವರು ನಾಲ್ಕು ದಿನ ತಮ್ಮ ತಮ್ಮ ಚೆಂಡು ಹೊಡೆಯುತ್ತಾರೆ. ಪ್ರತಿದಿನ ಮೂವರಲ್ಲಿ ಉತ್ತಮವಾದ ಎರಡು ಅಂಕಗಳನ್ನು ಕೂಡುತ್ತಾರೆ, ಮೂರನೆಯದನ್ನು ಬಿಡುತ್ತಾರೆ. ವೈಯಕ್ತಿಕ ಪದಕ ತೀರ್ಮಾನವಾಗುವುದೂ ಅದೇ ಹೊಡೆತಗಳಿಂದ. ಅಂದರೆ ತಂಡಕ್ಕೆಂದೇ ಆಡಿದ ಒಂದು ಹೊಡೆತವೂ ಆ ನಾಲ್ಕು ದಿನಗಳಲ್ಲಿ ಇಲ್ಲ. ಅದಿತಿ ಮೊದಲ ಮೂರು ಸುತ್ತುಗಳಲ್ಲಿ 67, 66, 61 ಹೊಡೆದು ಏಳು ಹೊಡೆತ ಮುಂದಿದ್ದರು. ಕೊನೆಯ ದಿನ 77 ಆಯಿತು. ಥಾಯ್ಲೆಂಡಿನ ಅರ್ಪಿಚಯಾ ಯುಬೋಲ್ 68 ಆಡಿ ಎರಡು ಹೊಡೆತಗಳಿಂದ ಚಿನ್ನ ಗೆದ್ದರು. ಅದಿತಿಯ ಆಟ ಹೋಲ್‌ನಿಂದ ಹೋಲ್‌ಗೆ ಬಿಗಿ ತಪ್ಪುತ್ತಿದ್ದಾಗ ಪ್ರಣವಿ, ಅವನಿ ಆಕೆಯ ಒಂದೇ ಒಂದು ಹೊಡೆತವನ್ನೂ ತಾವು ವಹಿಸಿಕೊಳ್ಳುವಂತಿರಲಿಲ್ಲ. ತಂಡಕ್ಕೆ ಅವರು ಕೊಡಬಹುದಾಗಿದ್ದದ್ದು ತಮ್ಮ ಸ್ವಂತ ಅಂಕ ಮಾತ್ರ. ಇದು ಕೂಡಿಕೆಯ ಲೆಕ್ಕ.

ಇನ್ನೊಂದು ಸೂಕ್ಷ್ಮವನ್ನು ಯಾರೂ ಗಮನಿಸಿದಂತೆ ಕಾಣುವುದಿಲ್ಲ. ಮೂರು ಬೆಸ ಸಂಖ್ಯೆ. ಮೂವರಲ್ಲಿ ಇಬ್ಬರನ್ನು ಜೋಡಿ ಮಾಡಿದರೆ ಒಬ್ಬರು ಉಳಿಯುತ್ತಾರೆ. ತಂಡದಲ್ಲಿ ಮೂವರಿರಲಿ ಎಂದು ನಿಗದಿ ಮಾಡಿದ ಹೊತ್ತಿಗೇ ಜೋಡಿ ಆಟದ ಬಾಗಿಲು ಮುಚ್ಚಿಹೋಗಿತ್ತು.

ಇಷ್ಟಾದ ಮೇಲೆ ಓದುಗರು ಸೋಲ್‌ಹೈಮ್ ಕಪ್ಪಿನತ್ತ ಬೆರಳು ತೋರಿಸುವುದು ಸಹಜ. ಮಹಿಳಾ ವೃತ್ತಿಪರ ಗಾಲ್ಫಿನ ತಂಡ ಸ್ಪರ್ಧೆ ಎಂದರೆ ಅದೇ ಎಂಬ ಮಾತು 1990ರಿಂದ ಬೆಳೆದುಬಂದಿದೆ. ಅಮೆರಿಕ ಮತ್ತು ಯುರೋಪ್, ತಲಾ ಹನ್ನೆರಡು ಆಟಗಾರ್ತಿಯರು, ಮೂರು ದಿನ, 28 ಅಂಕ. ಅದರ ಕೀರ್ತಿಯಲ್ಲಿ ಅರ್ಧ ಭಾಗ ಪೊಳ್ಳು ಎಂಬುದು ನನ್ನ ಅಭಿಪ್ರಾಯ. ದಶಕಗಳಿಂದ ಮಹಿಳಾ ಗಾಲ್ಫನ್ನು ಎತ್ತಿ ನಿಲ್ಲಿಸಿರುವ ಕೊರಿಯ, ಜಪಾನ್, ಥಾಯ್ಲೆಂಡ್‌ಗಳಿಗೆ ಅಲ್ಲಿ ಜಾಗವಿಲ್ಲ. ಅದಿತಿ 2016ರಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ವರ್ಷದ ಹೊಸ ಆಟಗಾರ್ತಿ ಎಂಬ ಗೌರವ ಪಡೆದರು. 2023ರಲ್ಲಿ ಆಕೆ ಸ್ಪೇನಿನ ಓಪನ್ ಗೆದ್ದದ್ದೂ ಅದೇ ಟೂರ್‌ನಲ್ಲಿ. ಆ ಟೂರ್‌ಗೆ ಆಕೆಯ ಆಟ ಬೇಕು, ಯುರೋಪಿನ ತಂಡಕ್ಕೆ ಆಕೆ ಸಲ್ಲುವುದಿಲ್ಲ, ಏಕೆಂದರೆ ಆ ತಂಡ ಸೇರಲು ಯುರೋಪಿನ ಪೌರತ್ವದ ಚೀಟಿ ಬೇಕು. 1956ರ ನವೆಂಬರ್ 1ರಂದು ರಾಜ್ಯಗಳ ನಡುವೆ ಎಳೆದ ಗೆರೆಯ ಈಚೆ, ಕೇರಳದ ಬದಿಯಲ್ಲಿ ಬಾಳುವ ಕಾಸರಗೋಡಿನ ಕನ್ನಡಿಗನಿಗೆ, ಗೆರೆ ನೋಡಿ ಯಾರು ಒಳಗಿನವರು ಯಾರು ಹೊರಗಿನವರು ಎಂದು ಹೇಳುವವರ ಮೇಲೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ.

ಆದರೂ ಸೋಲ್‌ಹೈಮ್ ಕಪ್ಪಿನಲ್ಲಿ ಒಂದು ವಸ್ತು ಅಪ್ಪಟವಾದದ್ದು: ಫೋರ್‌ಸಮ್ಸ್. 28 ಅಂಕಗಳಲ್ಲಿ ಎಂಟು ಮಾತ್ರ ಅದರ ಪಾಲು. ಎಂಟು ಫೋರ್‌ಬಾಲ್‌ಗೆ, ಹನ್ನೆರಡು ಸಿಂಗಲ್ಸ್‌ಗೆ. ಫೋರ್‌ಬಾಲ್‌ನಲ್ಲಿ ಜೋಡಿಯ ಇಬ್ಬರೂ ತಂತಮ್ಮ ಚೆಂಡು ಆಡುತ್ತಾರೆ, ಕಡಿಮೆ ಹೊಡೆತದ್ದು ಲೆಕ್ಕಕ್ಕೆ ಬರುತ್ತದೆ. ಫೋರ್‌ಸಮ್ಸ್‌ನಲ್ಲಿ ಇಬ್ಬರಿಗೆ ಒಂದೇ ಚೆಂಡು. ಬೆಸ ಹೋಲ್‌ಗಳಲ್ಲಿ ಒಬ್ಬರು ಟೀ ಹೊಡೆದರೆ ಸಮ ಹೋಲ್‌ಗಳಲ್ಲಿ ಇನ್ನೊಬ್ಬರು, ಆಮೇಲೆ ಸರದಿಯಂತೆ ಒಂದೊಂದೇ ಹೊಡೆತ. ಜೊತೆಗಾತಿ ಬಂಕರಿಗೆ ಹಾಕಿದರೆ ಮರಳಿನಿಂದ ಎತ್ತಬೇಕಾದವಳು ನೀನು. ಉದ್ದದ ಹೋಲ್‌ಗಳು ಬೆಸಕ್ಕೆ ಬರುತ್ತವೋ ಸಮಕ್ಕೋ, ಮೊದಲ ಹೊಡೆತ ಯಾರಿಗೆ ಒಗ್ಗುತ್ತದೆ, ಯಾರ ಕೈಗೆ ಪಳಗಿದ ಚೆಂಡು ಬಳಸುವುದು ಎಂಬುದನ್ನೆಲ್ಲ ಇಬ್ಬರೂ ಕೂತು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಎದುರು ಕೂತ ಅರ್ಥಧಾರಿ ಮನೆಯಲ್ಲಿ ಕಟ್ಟಿಕೊಂಡು ಬಂದ ಮಾತನ್ನೇ ಆಡುತ್ತೇನೆಂದರೆ ಪ್ರಸಂಗ ಅಲ್ಲಿಗೇ ನಿಲ್ಲುತ್ತಿತ್ತು. ಅವರು ಮಾತು ಬಿಟ್ಟ ಜಾಗದಿಂದಲೇ ಎತ್ತಿಕೊಳ್ಳಬೇಕಿತ್ತು.

2015ರ ಸೋಲ್‌ಹೈಮ್ ಕಪ್ಪಿನ ಘಟನೆಯನ್ನು ಗಾಲ್ಫ್ ನೋಡುವವರೆಲ್ಲರೂ ಬಲ್ಲರು. ಜರ್ಮನಿಯ ಸೇಂಟ್ ಲಿಯೋನ್-ರೋಟ್, ಹಿಂದಿನ ದಿನ ಅರ್ಧಕ್ಕೆ ನಿಂತ ಪಂದ್ಯ ಭಾನುವಾರ ಬೆಳಿಗ್ಗೆ ಮುಂದುವರಿದಿದೆ. ಹದಿನೇಳನೆಯ ಗ್ರೀನಿನಲ್ಲಿ ಪಂದ್ಯ ಸಮ. ಅಮೆರಿಕದ ಆಲಿಸನ್ ಲೀ ಹೋಲ್ ಗೆಲ್ಲಲು ಹೊಡೆದ ಪಟ್ ತಪ್ಪಿ ಸುಮಾರು ಒಂದೂವರೆ ಅಡಿ ದೂರದಲ್ಲಿ ನಿಂತಿತು. ಎದುರಾಳಿ ಚಾರ್ಲಿ ಹಲ್ ಗ್ರೀನ್ ಬಿಟ್ಟು ನಡೆಯುತ್ತಿದ್ದರು. ಎದುರಾಳಿ ಬಿಟ್ಟುಕೊಟ್ಟರೆ ಅಂಥ ಸಣ್ಣ ಪಟ್ ಹೊಡೆಯಬೇಕಾಗಿಲ್ಲ. ಆ ಪಟ್ ಬಿಟ್ಟುಕೊಟ್ಟರೆಂದು ತಿಳಿದು ಲೀ ಚೆಂಡು ಎತ್ತಿಕೊಂಡರು. ನಾವು ಬಿಟ್ಟುಕೊಟ್ಟಿಲ್ಲ ಎಂದರು ಹಲ್ ಜೊತೆಗಾತಿ ಸುಸಾನ್ ಪೆಟರ್‌ಸನ್. ಹೋಲ್ ಯುರೋಪಿಗೆ ಹೋಯಿತು, ಹದಿನೆಂಟರಲ್ಲಿ ಪಂದ್ಯವೂ ಹೋಯಿತು. ಅಮೆರಿಕದವರು 10–6ರ ಹಿನ್ನಡೆಯಿಂದ ಎದ್ದು ಸಿಂಗಲ್ಸ್‌ನಲ್ಲಿ ತಿರುಗಿಬಿದ್ದು 14½–13½ರಿಂದ ಕಪ್ ಗೆದ್ದರು. ಪೆಟರ್‌ಸನ್ ಮರುದಿನ ಕ್ಷಮೆ ಕೇಳಿದರು.

ಅಂದಿನಿಂದ ಇಂದಿನವರೆಗೆ ಇದರ ಬಗ್ಗೆ ನಡೆದಿರುವ ಚರ್ಚೆಯೆಲ್ಲ ಕ್ರೀಡಾಮನೋಭಾವದ ಸುತ್ತಲೇ. ಪೆಟರ್‌ಸನ್ ಕಠೋರಳು ಎನ್ನುವವರು ಒಂದು ಕಡೆ, ನಿಯಮ ನಿಯಮವೇ ಎನ್ನುವವರು ಇನ್ನೊಂದು ಕಡೆ. ಎರಡೂ ಬಣಗಳು ಆಟದ ಬಗೆಯನ್ನೇ ಮರೆತಿವೆ. ಅದು ಫೋರ್‌ಬಾಲ್ ಪಂದ್ಯ. ತಪ್ಪಿದ ಪಟ್ ಲೀ ಅವರದ್ದು, ಉಳಿದ ಒಂದೂವರೆ ಅಡಿಯೂ ಅವರದ್ದೇ. ಹಾಗಾಗಿ ಒಂಟಿಯಾಗಿ ಆಡಿ ರೂಢಿಯಾದ ಕೈ ಯಾರನ್ನೂ ಕೇಳದೆ ಬಾಗಿ ಚೆಂಡು ಎತ್ತಿತು. ಅದೇ ಗ್ರೀನಿನಲ್ಲಿ ಫೋರ್‌ಸಮ್ಸ್ ನಡೆಯುತ್ತಿದ್ದರೆ? ಮುಂದಿನ ಹೊಡೆತ ಲೀ ಜೊತೆಗಾತಿ ಬ್ರಿಟನಿ ಲಿನ್ಸಿಕಮ್ ಅವರದ್ದಾಗುತ್ತಿತ್ತು. ಆ ಚೆಂಡು ಲೀ ಒಬ್ಬರ ಸ್ವತ್ತಾಗಿರುತ್ತಿರಲಿಲ್ಲ. ಮುಟ್ಟುವ ಮೊದಲು ಜೊತೆಗಾತಿಯ ಮುಖವನ್ನಾದರೂ ನೋಡುತ್ತಿದ್ದರು, ನೋಡಿದ ಆ ಕ್ಷಣದಲ್ಲಿ ಬಿಟ್ಟುಕೊಟ್ಟರೇ ಎಂದು ಕೇಳುವ ಎಚ್ಚರವೂ ಬರುತ್ತಿತ್ತು. ಆ ಬೆಳಿಗ್ಗೆ ತಪ್ಪಿದ್ದು ಆಟದ ರಚನೆ. ಅದರ ಹೊಣೆಯನ್ನು ವಿಮರ್ಶಕರು ಇಬ್ಬರು ಹೆಂಗಸರ ಗುಣಸ್ವಭಾವದ ಮೇಲೆ ಹಾಕಿ ಇಷ್ಟು ವರ್ಷ ಚರ್ಚೆ ನಡೆಸಿದ್ದಾರೆ.

ನಮ್ಮವರ ತಪ್ಪೂ ಇದೇ ಬಗೆಯದು. ಹ್ಯಾಂಗ್‌ಝೌನ 77ನ್ನು ಮನೋಬಲದ ಕೊರತೆ ಎಂದು ಓದಿದವರು ಎಷ್ಟು ಮಂದಿ! ಒತ್ತಡಕ್ಕೆ ಕುಸಿದರು ಎಂಬುದು ಯಾರ ಬಗ್ಗೆಯೂ, ಯಾವಾಗ ಬೇಕಾದರೂ ಬರೆಯಬಹುದಾದ ವಾಕ್ಯ. ಆಟ ನೋಡದವರೂ ಅದನ್ನು ಬರೆಯಬಲ್ಲರು. 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದೇ ಅದಿತಿ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಅಂದು ಕ್ಯಾಡಿಯಾಗಿ ಜೊತೆಗಿದ್ದದ್ದು ತಾಯಿ ಮಾಹೇಶ್ವರಿ. ದೂರ ಹೊಡೆಯುವವರ ಪಟ್ಟಿಯಲ್ಲಿ ಅದಿತಿ ತಳದಲ್ಲಿದ್ದರು, ಪಟ್ಟಿಂಗ್‌ನಲ್ಲಿ ಎಲ್ಲರಿಗಿಂತ ಮೇಲೆ. ಅಂಥ ಆಟಗಾರ್ತಿಗೆ ಯಾವ ಆಟ ಹೇಳಿ ಮಾಡಿಸಿದ್ದು? ದೂರ ಹೊಡೆಯಬಲ್ಲ ಜೊತೆಗಾತಿಯೊಬ್ಬಳು ಚೆಂಡನ್ನು ಗ್ರೀನ್ ಮುಟ್ಟಿಸಿಕೊಟ್ಟರೆ ಮುಂದಿನ ಕೆಲಸ ತನ್ನದು ಎನ್ನುವಂಥ ಆಟ. ಇದು ಬರೀ ಊಹೆಯಲ್ಲ. ಟೋಕಿಯೊಗೆ ಮೂರು ವಾರ ಮೊದಲು ಮಿಷಿಗನ್‌ನ ಮಿಡ್‌ಲ್ಯಾಂಡ್‌ನಲ್ಲಿ ನಡೆದ ಡೌ ಗ್ರೇಟ್ ಲೇಕ್ಸ್ ಬೇ ಇನ್ವಿಟೇಷನಲ್ ಟೂರ್ನಿ ಜೋಡಿಗಳದ್ದು, ಎರಡು ಸುತ್ತು ಫೋರ್‌ಸಮ್ಸ್, ಎರಡು ಸುತ್ತು ಫೋರ್‌ಬಾಲ್. ಅಲ್ಲಿ ಅದಿತಿ ಥಾಯ್ಲೆಂಡಿನ ಪಜಾರಿ ಅನನ್ನರುಕರ್ನ್ ಜೊತೆ ಆಡಿ ಮೂರನೆಯ ಸ್ಥಾನ ಹಂಚಿಕೊಂಡರು. ಗೆದ್ದವರು ಥಾಯ್ಲೆಂಡಿನವರೇ ಆದ ಅಕ್ಕತಂಗಿ, ಮೊರಿಯಾ ಮತ್ತು ಅರಿಯಾ ಜುಟಾನುಗಾರ್ನ್. ಜೋಡಿ ಆಟದಲ್ಲಿ ಅದಿತಿ ಎಷ್ಟು ಎತ್ತರಕ್ಕೆ ಹೋಗಬಲ್ಲರು ಎಂಬುದು ತಿಳಿದದ್ದು ಹೊರದೇಶದ ಜೊತೆಗಾತಿಯಿಂದ.

ಗಾಲ್ಫ್ ಮೂಲತಃ ಒಬ್ಬರ ಆಟ, ತಂಡವೆಂಬುದು ಟಿವಿಯವರು ಹೊದಿಸಿದ ಬಣ್ಣದ ಬಟ್ಟೆ ಎಂಬ ವಾದವೊಂದಿದೆ. ಬಾವುಟ ಹಿಡಿದು ಮುಖಕ್ಕೆ ಬಣ್ಣ ಬಳಿದುಕೊಂಡ ಜನರನ್ನು ನೋಡಿ ಇದನ್ನು ಹೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇವರು ಫೋರ್‌ಸಮ್ಸ್‌ನ ಒಂದು ಬೆಳಿಗ್ಗೆಯನ್ನಾದರೂ ಪೂರ್ತಿ ನೋಡಬೇಕು. 2023ರಲ್ಲಿ ಸ್ಪೇನಿನ ಫಿಂಕಾ ಕೊರ್ಟೆಸಿನ್‌ನಲ್ಲಿ ನಡೆದ ಸೋಲ್‌ಹೈಮ್ ಕಪ್ಪಿನಲ್ಲಿ ಮೊದಲ ಬೆಳಿಗ್ಗೆಯ ನಾಲ್ಕೂ ಫೋರ್‌ಸಮ್ಸ್ ಅಮೆರಿಕ ಗೆದ್ದಿತು. ಆಮೇಲೆ ಯುರೋಪ್ ಚೇತರಿಸಿಕೊಂಡು 14–14ಕ್ಕೆ ಸಮ ಮಾಡಿ ಕಪ್ ಉಳಿಸಿಕೊಂಡಿತು. ಕಾರ್ಲೋಟಾ ಸಿಗಾಂಡಾ ತನ್ನ ದೇಶದ ನೆಲದಲ್ಲಿ ಆಡಿದ ನಾಲ್ಕೂ ಪಂದ್ಯ ಗೆದ್ದರು. ಜನ ನೆನಪಿಟ್ಟದ್ದು ಸಿಗಾಂಡಾರ ಸಿಂಗಲ್ಸ್ ಗೆಲುವನ್ನು. ಅಮೆರಿಕದ ನಾಲ್ಕು ಜೋಡಿಗಳು ಆ ಬೆಳಿಗ್ಗೆ ಆಡಿದ್ದನ್ನು ನಾನು ಅದಕ್ಕಿಂತ ಮೇಲೆ ಇಡುತ್ತೇನೆ, ಅವರ ಕಡೆಯವರು ಕಪ್ ಗೆಲ್ಲದಿದ್ದರೂ.

ಇಂಟರ್‌ನ್ಯಾಷನಲ್ ಕ್ರೌನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2014ರಲ್ಲಿ ಎಂಟು ದೇಶಗಳೊಂದಿಗೆ ಶುರುವಾಯಿತು, ತಲಾ ನಾಲ್ವರು. ಗೆದ್ದವರಲ್ಲಿ ಸ್ಪೇನ್, ಅಮೆರಿಕ, ಕೊರಿಯ, ಥಾಯ್ಲೆಂಡ್ ಇದ್ದಾರೆ. ಸೋಲ್‌ಹೈಮ್ ಹೊರಗಿಟ್ಟವರನ್ನೂ ಇದು ಒಳಗೆ ಕರೆಯಿತು, ಅದಕ್ಕಾಗಿ ಇದರ ಮೇಲೆ ನನಗೆ ಗೌರವವಿದೆ. ಆದರೆ 2018ರವರೆಗೂ ಅಲ್ಲಿ ಫೋರ್‌ಬಾಲ್ ಮತ್ತು ಸಿಂಗಲ್ಸ್ ಮಾತ್ರ. 2023ರಲ್ಲಿ ಸೆಮಿಫೈನಲ್, ಫೈನಲ್‌ಗಳಿಗೆ ಒಂದೊಂದು ಫೋರ್‌ಸಮ್ಸ್ ಸೇರಿಸಿದರು. ಸರಿಯಾದ ಜನ, ಅರೆಮನಸ್ಸಿನ ಆಟ. ನಾಲ್ವರ ರ್‍ಯಾಂಕಿಂಗ್ ಕೂಡಿಸಿ ದೇಶಗಳನ್ನು ಆರಿಸುವುದರಿಂದ ಭಾರತಕ್ಕೆ ಇನ್ನೂ ಅಲ್ಲಿಗೆ ದಾರಿ ತೆರೆದಿಲ್ಲ.

ಹಾಗಿರುವಾಗ ನಮ್ಮ ಆಟಗಾರ್ತಿಯರ ಪಾಲಿಗೆ ತಂಡವಾಗಿ ಆಡುವ ದೊಡ್ಡ ವೇದಿಕೆ ಏಷ್ಯನ್ ಕ್ರೀಡಾಕೂಟವೇ. ಅವನಿ 2023ರಲ್ಲೇ ಏಷ್ಯಾ ಪೆಸಿಫಿಕ್‌ನ ಅಮೆಚೂರ್ ತಂಡಗಳ ಕ್ವೀನ್ ಸಿರಿಕಿತ್ ಕಪ್ಪಿನಲ್ಲಿ ವೈಯಕ್ತಿಕ ಪ್ರಶಸ್ತಿ ಗೆದ್ದವರು. ಅದಿತಿಯ ಪಟ್ಟಿಂಗ್ ಹೊಗಳದವರಿಲ್ಲ. ಪ್ರಣವಿ ಯುರೋಪಿನ ಟೂರ್‌ನಲ್ಲಿ ತಮ್ಮ ಜಾಗ ಮಾಡಿಕೊಂಡಿದ್ದಾರೆ. ಮೂವರನ್ನೂ ಸಾಲಾಗಿ ನಿಲ್ಲಿಸಿ ಅಂಕ ಕೂಡಿದರೆ ನಾಲ್ಕನೆಯ ಸ್ಥಾನ ಬರುತ್ತದೆ, ಬಂದಿದೆ. ಇವರಲ್ಲಿ ಯಾರ ಜೊತೆ ಯಾರು ಚೆನ್ನಾಗಿ ಆಡುತ್ತಾರೆ ಎಂದು ಕೇಳುವ ಅಗತ್ಯವೇ ಆ ಸ್ಪರ್ಧೆಯಲ್ಲಿ ಯಾರಿಗೂ ಬರಲಿಲ್ಲ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಗಾಲ್ಫಿನಲ್ಲಿ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ನಮ್ಮ ದೇಶದಲ್ಲಿ ಗಾಲ್ಫ್ ನಡೆಸುವವರಿಗೆ ಇದು ತಯಾರಾಗಲು ಸಿಕ್ಕ ಕಾಲ. ನಮ್ಮ ಮಹಿಳಾ ಟೂರ್‌ನಲ್ಲಿ ವರ್ಷಕ್ಕೊಂದಾದರೂ ಫೋರ್‌ಸಮ್ಸ್ ಟೂರ್ನಿ ಇಡಲಿ, ಬೆಂಗಳೂರಿನ ಕರ್ನಾಟಕ ಗಾಲ್ಫ್ ಸಂಸ್ಥೆಯ (ಕೆಜಿಎ) ಅಂಗಳದಲ್ಲೇ ಇಡಲಿ. ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ತಂಡದ ಬಲ ಮೂರರಿಂದ ನಾಲ್ಕಕ್ಕೆ ಏರಲಿ, ನಾಲ್ಕು ದಿನಗಳಲ್ಲಿ ಒಂದು ದಿನವಾದರೂ ಇಬ್ಬರಿಗೆ ಒಂದು ಚೆಂಡು ಇರಲಿ ಎಂದು ಭಾರತ ಕೇಳಲಿ. ಪುರುಷರ ತಂಡಕ್ಕೆ ನಾಲ್ವರನ್ನು ಕೊಟ್ಟಿರುವ ಕೂಟ ಮಹಿಳೆಯರಿಗೆ ಮೂವರನ್ನೇ ಕೊಟ್ಟಿರುವುದಕ್ಕೆ ಒಪ್ಪಬಹುದಾದ ಕಾರಣ ಯಾವುದೂ ಇಲ್ಲ.