ಗೌರಮ್ಮ ಇದ್ದಾರಾ?

ಗೊತ್ತಿಲ್ಲದ ಊರಿನಲ್ಲಿ ಒಳ್ಳೆಯ ಪುಸ್ತಕದಂಗಡಿ ಯಾವುದೆಂದು ತಿಳಿಯುವುದು ಹೇಗೆ? ನಿಮ್ಮ ಸೀಮೆಯ ಲೇಖಕರ ಒಂದು ಪುಸ್ತಕ ಕೇಳಿ ನೋಡಿ. ಮಾದಾಪುರದಿಂದ ಹೊರಟ ನನಗೆ ಅದು ಕೊಡಗಿನ ಗೌರಮ್ಮ. ಇಲ್ಲೇ ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿ ತೋಟದಲ್ಲಿ ಬಾಳಿ, 1939ರಲ್ಲಿ ಇಪ್ಪತ್ತೇಳರ ವಯಸ್ಸಿಗೇ ನೀರುಪಾಲಾದ ಕತೆಗಾರ್ತಿ. ‘ಕಂಬನಿ’, ‘ಚಿಗುರು’ ಎಂದು ಎರಡು ಸಣ್ಣ ಸಂಕಲನ, ಅಷ್ಟೇ. ಬಾಯಿ ಬಿಟ್ಟು ಕೇಳುವವರು ಕಡಿಮೆ. ಕೌಂಟರಿನವರು ಕಂಪ್ಯೂಟರಿಗೆ ಮುಖ ಮಾಡಿ “ಸ್ಪೆಲ್ಲಿಂಗ್ ಹೇಳಿ” ಅಂದರೆ ನಾನು ಕೊಡೆ ಎತ್ತಿಕೊಳ್ಳುತ್ತೇನೆ. “ಮುಗಿದುಹೋಗಿದೆ, ಭಾರತೀಸುತರದ್ದು ಇದೆ, ನೋಡ್ತೀರಾ?” ಅಂದರೆ ಆ ದಿನದ ಬಾಕಿ ಕೆಲಸಗಳೆಲ್ಲ ನಾಳೆಗೆ. ಪುಸ್ತಕ ಸಿಗದಿದ್ದರೂ ಅಡ್ಡಿಯಿಲ್ಲ. ಗೌರಮ್ಮನನ್ನು ಕೇಳಿದವರಿಗೆ ‘ಎಡಕಲ್ಲು ಗುಡ್ಡದ ಮೇಲೆ’ ಬರೆದವರೂ ಕೊಡಗಿನವರೇ ಎಂದು ನೆನಪಿಸುವ ತಲೆ ಆ ಅಂಗಡಿಯಲ್ಲಿದೆಯಲ್ಲ!

ಈಚೆಗೆ ಈ ಪರೀಕ್ಷೆ ಇನ್ನೂ ಸುಲಭವಾಗಿದೆ. 2025ರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಆ ಪುಸ್ತಕದ ರಾಶಿ ಬಾಗಿಲಲ್ಲೇ ಎದುರಾಗುತ್ತದೆ. ಅದನ್ನು ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿಯವರೇ ಅದಕ್ಕೂ ಮೊದಲು ಗೌರಮ್ಮನ ಕತೆಗಳನ್ನು ‘ಫೇಟ್ಸ್ ಗೇಮ್’ ಎಂದು ಅನುವಾದಿಸಿದ್ದರು. ಆ ರಾಶಿಯ ಪಕ್ಕದಲ್ಲಿ ಇದರದೂ ಒಂದು ಪ್ರತಿ ಇಟ್ಟಿದ್ದಾರೆಯೇ ನೋಡಿ. ಇಟ್ಟಿದ್ದರೆ ಅಲ್ಲಿ ಪುಸ್ತಕ ಮಾರುವವರು ಪುಸ್ತಕ ಓದುವವರೂ ಹೌದು.

ಆದರೆ ಅಂಗಡಿಯವರೆಗೆ ತಲುಪಬೇಕಲ್ಲ. ಫೋನಿನ ಮ್ಯಾಪಿನಲ್ಲಿ ಹುಡುಕಿದರೆ ಗೈಡು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸಿನ ಅಂಗಡಿಗಳೇ ಸಾಲುಗಟ್ಟುತ್ತವೆ. ಅದಕ್ಕಿಂತ ಒಳ್ಳೆಯ ದಾರಿ ನಿಮ್ಮ ಮನೆಯ ಕಪಾಟಿನಲ್ಲೇ ಇದೆ. ಮೆಚ್ಚಿದ ಕನ್ನಡ ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿ ತಿರುವಿ, ಪ್ರಕಾಶಕರ ವಿಳಾಸ ಬರೆದುಕೊಳ್ಳಿ. ನಮ್ಮಲ್ಲಿ ಎಷ್ಟೋ ಕಡೆ ಪ್ರಕಾಶಕರೇ ಅಂಗಡಿಯವರೂ ಹೌದು. ಗಾಂಧಿಬಜಾರಿನ ಅಂಕಿತ ಪುಸ್ತಕ ಹಾಗೆಯೇ. ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಕಾಯುವ ಜನ ಕಂಡರೆ ಮೊದಲು ಇಲ್ಲಿಗೆ ಬಂದುಬಿಡುವುದು ನನ್ನ ರೂಢಿ. ಹಸಿವಿದ್ದಾಗ ದಪ್ಪ ಕಾದಂಬರಿಯ ಮೋಹ ತುಸು ಹದ್ದುಬಸ್ತಿನಲ್ಲಿರುತ್ತದೆ. ಧಾರವಾಡದಲ್ಲಂತೂ ವಿಳಾಸ ಹಿಡಿದು ಸುಭಾಸ ರಸ್ತೆಗೆ ಹೋದವರು ಮೆಟ್ಟಿಲು ಹತ್ತಿ ಮನೋಹರ ಗ್ರಂಥಮಾಲೆಯ ಅಟ್ಟ ಸೇರುತ್ತಾರೆ. 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಸಂಸ್ಥೆ, ಕಾರ್ನಾಡರ ‘ಯಯಾತಿ’ ಅಚ್ಚಾಗಿ ಬಂದದ್ದು ಇಲ್ಲಿಂದಲೇ. ವಿಮರ್ಶಕ ಕುರ್ತಕೋಟಿಯವರು ಕೂತು ಹಸ್ತಪ್ರತಿ ಓದುತ್ತಿದ್ದ ಜಾಗದಲ್ಲಿ ನಿಂತು ಪುಸ್ತಕ ಆರಿಸುವಾಗ ಕೈ ತಾನಾಗಿ ನಿಧಾನವಾಗುತ್ತದೆ.

ಬೆಂಗಳೂರಿನ ಮಾತು ಬಂದರೆ ನನ್ನ ತಲೆಮಾರಿನವರು ಪ್ರೀಮಿಯರ್ ನೆನೆಯದೆ ಇರಲಾರರು. 1971ರಿಂದ 2009ರವರೆಗೆ ಟಿ.ಎಸ್. ಶಾನಭಾಗರು ನಡೆಸಿದ ಇಕ್ಕಟ್ಟಿನ ಅಂಗಡಿ. ಪುಸ್ತಕಗಳು ಸೂರಿನವರೆಗೆ ಪೇರಿಸಿದ್ದವು. ನಾವು ಎಳೆದರೆ ಗೋಡೆಯೇ ಮೈಮೇಲೆ ಬೀಳುವ ಭಯ. ಅವರು ಕೇಳಿದ್ದನ್ನು ಮಾತ್ರ ಅಲುಗದಂತೆ ತೆಗೆದುಕೊಡುತ್ತಿದ್ದರು. ಕೇಳದೆಯೇ ರಿಯಾಯಿತಿ ಕೊಡುತ್ತಿದ್ದರು. ಅವರು 2021ರಲ್ಲಿ ತೀರಿಕೊಂಡರು. ಚರ್ಚ್ ಸ್ಟ್ರೀಟಿನಲ್ಲಿ ಈಗ ಮಾಯಿಗೌಡರ ಬ್ಲಾಸಂ, ಕೃಷ್ಣಗೌಡರ ಬುಕ್‌ವರ್ಮ್ ಇವೆ. ಹಳೆ ಪುಸ್ತಕ ಬೇಕಿದ್ದವರಿಗೆ ಬ್ರಿಗೇಡ್ ರಸ್ತೆಯ ಅಡ್ಡರಸ್ತೆಯಲ್ಲಿ 1945ರಲ್ಲಿ ಹುಟ್ಟಿದ ಸೆಲೆಕ್ಟ್ ಇದೆ. ನನಗೆ ಬ್ಲಾಸಂನ ಮೇಲಿನ ಅಂತಸ್ತುಗಳಿಗಿಂತ ಸೆಲೆಕ್ಟಿನ ಅಸ್ತವ್ಯಸ್ತವೇ ಇಷ್ಟ. ಅದು ನನ್ನ ಚಾಳಿ, ಸಲಹೆಯಲ್ಲ.

ಮಂಗಳೂರಿಗೆ ಹೋದಾಗ ಈಗಲೂ ಅತ್ರಿ ಬುಕ್ ಸೆಂಟರ್ ನೆನಪಾಗುತ್ತದೆ. ಜಿ.ಎನ್. ಅಶೋಕವರ್ಧನರು 1975ರಲ್ಲಿ ತೆರೆದು 2012ರಲ್ಲಿ ತಾವಾಗಿಯೇ ಮುಚ್ಚಿದ ಅಂಗಡಿ ಅದು. ಅವರ ತಂದೆ, ವಿಜ್ಞಾನ ಬರೆದ ಜಿ.ಟಿ. ನಾರಾಯಣರಾಯರು, ಮಡಿಕೇರಿಯಲ್ಲಿ ಹುಟ್ಟಿದವರು. ಸಗಟು ಖರೀದಿಯನ್ನೇ ನೆಚ್ಚಿಕೊಂಡ ಪುಸ್ತಕೋದ್ಯಮದ ಜತೆ ಜಗಳವಾಡುತ್ತಲೇ ಅಶೋಕವರ್ಧನರು ವ್ಯಾಪಾರ ಮಾಡಿದರು. ಅಂಥ ಜಗಳಗಂಟಿ ಪುಸ್ತಕದಂಗಡಿ ಒಂದಾದರೂ ಪ್ರತಿ ಊರಿಗೆ ಬೇಕು. ಮೈಸೂರು ನಮಗೆ ಹತ್ತಿರದ ಪೇಟೆ. ಆಸ್ಪತ್ರೆ, ಜವಳಿ, ಮದುವೆ ಎಂದು ಹೇಗೂ ಹೋಗುವವರು ಕೃಷ್ಣರಾಜ ವೃತ್ತದ ಗೀತಾ ಬುಕ್ ಹೌಸಿಗೆ ಒಂದು ಗಂಟೆ ಎತ್ತಿಡಬಹುದು.

ಕೊನೆಗೆ, ಕೊಡಗಿನವರಿಗಷ್ಟೇ ಒಂದು ಮಾತು. ಕೊಳ್ಳುವ ಮುನ್ನ ಪುಸ್ತಕವನ್ನು ನಡುವೆ ಬಿಡಿಸಿ ಬೆನ್ನಿನ ಕಡೆ ಬಗ್ಗಿ ನೋಡಿ. ನೂಲು ಕಂಡರೆ ಹೊಲಿಗೆ ಬೈಂಡಿಂಗ್, ನಿಶ್ಚಿಂತೆ. ಬರೀ ಅಂಟಾಗಿದ್ದರೆ ಮಾದಾಪುರದ ಎರಡು ಮಳೆಗಾಲಕ್ಕೆ ಹಾಳೆ ಉದುರುತ್ತದೆ, ರಟ್ಟಿಗೆ ಬೂಷ್ಟು ಬರುತ್ತದೆ. ಅದೇ ಕೃತಿಯ ಹೊಲಿಗೆ ಹಾಕಿದ ಹಳೆ ಮುದ್ರಣ ಒಳಗೆಲ್ಲಾದರೂ ಇದೆಯೇ ಎಂದು ಕೇಳಿ. ಒಳ್ಳೆಯ ಅಂಗಡಿಯವರು ಬೇಸರಪಡುವುದಿಲ್ಲ, ಏಣಿ ತರುತ್ತಾರೆ.