ಕವಡಿ ಇಲ್ಲದ ಸಂಭವನೀಯತೆ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ‘ಸಂಭವನೀಯತೆ’ ಎಂದರೆ ಅಂಕ ಕೊಡುವ ಅಧ್ಯಾಯ. ತ್ರಿಕೋನಮಿತಿಗೆ ಹೆದರಿದವರೂ ಪ್ರಮೇಯಗಳನ್ನು ಬಾಯಿಪಾಠ ಮಾಡಲಾಗದವರೂ ಇಲ್ಲಿ ಏನಾದರೂ ಗಿಟ್ಟಿಸಿಕೊಳ್ಳುತ್ತಾರೆ. ಮೇಲೆ ಅನುಕೂಲ ಫಲಿತಗಳು, ಕೆಳಗೆ ಒಟ್ಟು ಫಲಿತಗಳು, ನಡುವೆ ಒಂದು ಗೆರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯ ಕನ್ನಡ ಮಾಧ್ಯಮದ ಹುಡುಗರು ಈ ಗೆರೆ ಎಳೆಯುವುದನ್ನು ಚೆನ್ನಾಗಿಯೇ ಕಲಿತಿರುತ್ತಾರೆ. ಆದರೆ ಅದೇ ಹುಡುಗನಿಗೆ ‘ಈ ವರ್ಷ ರೋಣಿ ಮಳಿ ಆಗೋ ಸಂಭವನೀಯತೆ ಎಷ್ಟಪಾ?’ ಎಂದು ಕೇಳಿ. ‘ಆಕ್ಕೈತಿ, ಇಲ್ಲಾಂದ್ರ ಇಲ್ಲ. ಎರಡರಾಗ ಒಂದು. ಅರ್ಧ’ ಎನ್ನುವ ಉತ್ತರ ಬಂದರೆ ಅಚ್ಚರಿಪಡಬೇಕಾಗಿಲ್ಲ. ಪಾಠ ಅವನಿಗೆ ಅರ್ಥವಾಗಿಲ್ಲವೆಂದಲ್ಲ. ಅರ್ಥವಾದದ್ದರಿಂದಲೇ ಅವನು ಹಾಗೆ ಹೇಳುತ್ತಾನೆ.

ಪಾಠವನ್ನು ಬೈಯುವ ಮುನ್ನ ಅದರ ಗುಣ ಹೇಳಬೇಕು. ನಮ್ಮ ಪಠ್ಯದ ಮೂಲ ಎನ್‌ಸಿಇಆರ್‌ಟಿಯ 2006ರ ಪುಸ್ತಕ. ಅದನ್ನು ಬರೆದವರು ಎಚ್ಚರದ ಜನ. ನಾಲ್ಕು ಕೆಂಪು ಚೆಂಡು, ಒಂದು ನೀಲಿ ಚೆಂಡು ಇರುವ ಚೀಲದ ಉದಾಹರಣೆ ಕೊಟ್ಟು, ಕೆಂಪು ಬರುವುದೂ ನೀಲಿ ಬರುವುದೂ ಸಮಸಾಧ್ಯವಲ್ಲ ಎಂದು ಮೊದಲೇ ತಿಳಿಸುತ್ತಾರೆ. ಅಭ್ಯಾಸದಲ್ಲಿ ಇನ್ನೊಂದು ಪ್ರಶ್ನೆ ಇದೆ, ನನ್ನ ಲೆಕ್ಕದಲ್ಲಿ ಇಡೀ ಅಧ್ಯಾಯದ ಮುತ್ತು ಅದೇ. ಎರಡು ನಾಣ್ಯ ಚಿಮ್ಮಿದಾಗ ಎರಡೂ ಶಿರ, ಎರಡೂ ಪುಚ್ಛ, ಒಂದೊಂದು, ಹೀಗೆ ಮೂರು ಫಲಿತ ಬರಬಹುದು, ಆದ್ದರಿಂದ ಪ್ರತಿಯೊಂದರ ಸಂಭವನೀಯತೆ 1/3. ಈ ವಾದ ಸರಿಯೇ ತಪ್ಪೇ, ಕಾರಣ ಕೊಡಿ ಎನ್ನುತ್ತದೆ ಪ್ರಶ್ನೆ. ಒಂದೊಂದು ಬರುವುದು ಎರಡು ಬಗೆಯಲ್ಲಿ, ಹಾಗಾಗಿ ಅದಕ್ಕೆ 1/2, ಉಳಿದ ಎರಡಕ್ಕೆ 1/4 ಎಂದು ಕಂಡುಕೊಂಡ ಮಗು ನಿಜವಾಗಿ ಏನನ್ನೋ ಕಲಿತಿದೆ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರನೇ ಇಂಥ ಜಾಗದಲ್ಲಿ ಎಡವಿದ್ದ. ಎರಡು ಚಿಮ್ಮುಗೆಯಲ್ಲಿ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 2/3 ಎಂದು 1754ರಲ್ಲಿ ವಿಶ್ವಕೋಶದಲ್ಲಿ ಬರೆದ. ಮೊದಲ ಸಲವೇ ಶಿರ ಬಿದ್ದರೆ ಆಟ ಮುಗಿಯಿತು, ಆದ್ದರಿಂದ ಮೂರೇ ಫಲಿತ ಎಂಬುದು ಅವನ ತರ್ಕ. ಸರಿಯಾದ ಉತ್ತರ 3/4. ವಿಶ್ವಕೋಶ ಬರೆದವನು ಸಿಕ್ಕಿಬಿದ್ದ ಬಲೆಯನ್ನು ಹತ್ತನೇ ತರಗತಿಯ ಮಗುವಿಗೆ ತೋರಿಸಿ ಬಿಡಿಸುವುದು ಸಣ್ಣ ಕೆಲಸವಲ್ಲ.

ಅದೇ ಅಧ್ಯಾಯದ ಮೂಲ ಮುದ್ರಣದ ಪೀಠಿಕೆಯಲ್ಲಿ ನಾಣ್ಯ ಚಿಮ್ಮಿದ ಹಠಮಾರಿಗಳ ಪಟ್ಟಿಯೂ ಇತ್ತು. ಬುಫೋನ್ 4,040 ಸಲ ಚಿಮ್ಮಿ 2,048 ಶಿರ ಪಡೆದ, ಕೆರಿಚ್ 10,000 ಸಲಕ್ಕೆ 5,067, ಕಾರ್ಲ್ ಪಿಯರ್ಸನ್ 24,000 ಸಲಕ್ಕೆ 12,012. ಕೆರಿಚ್ ಇದನ್ನು ಮಾಡಿದ್ದು ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕಿನ ಬಂಧನ ಶಿಬಿರದಲ್ಲಿದ್ದಾಗ. ಅದನ್ನು ಪುಸ್ತಕ ಹೇಳಿರಲಿಲ್ಲ. ಹೇಳಿದ್ದರೆ ಆ ಅಂಕಿಯನ್ನು ಯಾವ ಹುಡುಗನೂ ಮರೆಯುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅಧ್ಯಾಯ ಒಂದು ಒಪ್ಪಂದ ಮಾಡಿಕೊಳ್ಳುತ್ತದೆ: ಇನ್ನು ಮುಂದೆ ಬರುವ ಪ್ರಯೋಗಗಳೆಲ್ಲವೂ ಸಮಸಾಧ್ಯ ಫಲಿತಗಳವೇ ಎಂದು ಭಾವಿಸೋಣ. ಪಾಠ ದಾರಿ ತಪ್ಪುವುದು ಇಲ್ಲಿ. ಗಣಿತದ ದೃಷ್ಟಿಯಿಂದ ಒಪ್ಪಂದ ನ್ಯಾಯವೇ, ಫಲಿತಗಳು ಸಮವಾಗಿರದಿದ್ದರೆ ಎಣಿಸಿ ಭಾಗಿಸುವ ಸೂತ್ರ ನಡೆಯುವುದಿಲ್ಲ. ಆದರೆ ಒಂದು ಸಾಲಿನಲ್ಲಿ ಮಾಡಿಕೊಂಡ ಭಾವನೆಯನ್ನು ಮುಂದಿನ ಲೆಕ್ಕಗಳು ಒಂದಾದ ಮೇಲೊಂದು ಬಂದು ಹುಡುಗನ ತಲೆಯಲ್ಲಿ ಲೋಕನಿಯಮ ಮಾಡಿಬಿಡುತ್ತವೆ. ಚೀಲದ ಚೆಂಡಿನ ಎಚ್ಚರಿಕೆ ಹಿಂದೆ ಉಳಿಯುತ್ತದೆ, ಉಳಿದದ್ದು ‘ಎರಡರಾಗ ಒಂದು’.

ಇದಕ್ಕೆ ಮದ್ದು ಒಂಬತ್ತನೇ ತರಗತಿಯ ಪುಸ್ತಕದಲ್ಲಿತ್ತು. ಅಲ್ಲಿ ಸೂತ್ರಕ್ಕಿಂತ ಎಣಿಕೆ ಮುಖ್ಯವಾಗಿತ್ತು. ಐದು ಚೀಲಗಳಿಂದ ಐವತ್ತೈವತ್ತು ಬೀಜ ತೆಗೆದು ಮೊಳಕೆಗೆ ಇಟ್ಟ ಲೆಕ್ಕ ಅದರಲ್ಲೊಂದು. ಕಲಘಟಗಿಯ ಸೋಯಾಬೀನ್ ಬೆಳೆಗಾರನ ಮಗಳಿಗೆ ಇದು ಪುಸ್ತಕದ ಲೆಕ್ಕವೇ ಅಲ್ಲ, ಮನೆಯ ಕೆಲಸ. ಬಿತ್ತುವ ಮುಂಚೆ ನೂರು ಕಾಳು ಎಣಿಸಿ ಹಸಿ ಗೋಣಿಚೀಲದಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ನೋಡಿರಿ ಎಂದು ಕೃಷಿ ಇಲಾಖೆಯೂ ಹೇಳುತ್ತದೆ. ಸೋಯಾಬೀನಿಗೆ ಪ್ರಮಾಣಿತ ಬೀಜದ ಕನಿಷ್ಠ ಮೊಳಕೆ ಪ್ರಮಾಣ ಶೇ 70. ನೂರರಲ್ಲಿ ಅರವತ್ತೆರಡು ಮೊಳೆತರೆ ಬೀಜ ಹೆಚ್ಚು ಹಾಕಬೇಕು, ಇಲ್ಲವೇ ಬದಲಿಸಬೇಕು. ಕಾಳು ಮೊಳೆಯುತ್ತದೆ ಅಥವಾ ಮೊಳೆಯುವುದಿಲ್ಲ, ಎರಡೇ ಫಲಿತ. ಆದರೂ ಯಾವ ರೈತನೂ ಅದನ್ನು ಅರ್ಧ ಎನ್ನುವುದಿಲ್ಲ. 2022ರಲ್ಲಿ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ತನ್ನ ಪುಸ್ತಕದಿಂದ ಈ ಇಡೀ ಅಧ್ಯಾಯವನ್ನು ಕಿತ್ತುಹಾಕಿತು. ನಾಣ್ಯ ಉಳಿಯಿತು, ಬೀಜ ಹೋಯಿತು. ಇಳಿಸಲೇಬೇಕಿದ್ದರೆ ನಾನು ಇದನ್ನು ಉಳಿಸಿ ಇಸ್ಪೀಟಿನ ಲೆಕ್ಕಗಳನ್ನು ಅರ್ಧಕ್ಕೆ ಇಳಿಸುತ್ತಿದ್ದೆ. ಐವತ್ತೆರಡು ಎಲೆಯಲ್ಲಿ ಮುಖಚಿತ್ರದ ಎಲೆ ಎಷ್ಟು ಎಂಬುದು ಎಲೆ ಆಡುವ ಕಟ್ಟೆಯ ಸನಿಹಕ್ಕೂ ಹೋಗಗೊಡದ ಮನೆಯ ಹೆಣ್ಣುಮಗಳಿಗೆ ಸಂಭವನೀಯತೆಯ ಪ್ರಶ್ನೆಯಲ್ಲ, ಬಾಯಿಪಾಠದ ಪ್ರಶ್ನೆ.

ಆಟವೇ ಬೇಕೆಂದರೆ ಕವಡಿ ಇದೆ. ಚೌಕಾಬಾರದ ನಾಲ್ಕು ಕವಡಿಗಳಿಗಿಂತ ಒಳ್ಳೆಯ ಉಪಕರಣವನ್ನು ಸಂಖ್ಯಾಶಾಸ್ತ್ರದ ಯಾವ ಪ್ರಯೋಗಾಲಯವೂ ಕೊಡಲಾರದು. ಕವಡಿ ಬಾಯಿ ಮೇಲಾಗಿ ಬೀಳಬಹುದು, ಬೆನ್ನು ಮೇಲಾಗಿ ಬೀಳಬಹುದು. ಎರಡೂ ಸಮ ಎಂದು ಹೇಳಲು ಯಾವ ಆಧಾರವೂ ಇಲ್ಲ, ಆ ಚಿಪ್ಪಿನ ಆಕಾರವೇ ಒಂದು ಮಗ್ಗುಲಿಗೆ ಉಬ್ಬು. ಸಮವೆಂದೇ ಹಿಡಿದರೆ ನಾಲ್ಕೂ ಬಾಯಿ ಮೇಲಾಗಿ ನಾಲ್ಕು ಬೀಳುವುದೂ ನಾಲ್ಕೂ ಬೆನ್ನು ಮೇಲಾಗಿ ಎಂಟು ಬೀಳುವುದೂ ಹದಿನಾರರಲ್ಲಿ ಒಂದೊಂದು ಸಲ. ಬಾಯಿ ಮೇಲಾಗುವ ಸಂಭವನೀಯತೆ 0.4 ಎಂದು ಹಿಡಿದು ನೋಡಿ: ಎಂಟು ಬೀಳುವುದು 0.6ರ ನಾಲ್ಕನೇ ಘಾತ, 0.1296. ನಾಲ್ಕು ಬೀಳುವುದು 0.4ರ ನಾಲ್ಕನೇ ಘಾತ, 0.0256. ಒಂದಕ್ಕೊಂದು ಐದು ಪಟ್ಟು ಅಂತರ! ಆಟದಲ್ಲಿ ಎರಡಕ್ಕೂ ಮತ್ತೊಂದು ಕೈ ಸಿಗುತ್ತದೆ, ಆದರೆ ಎರಡೂ ಒಂದೇ ಅಪರೂಪದವಲ್ಲ. ನಿಮ್ಮ ಕವಡಿಯ ಅಂಕಿ 0.4 ಹೌದೋ ಅಲ್ಲವೋ ಎಂಬುದಕ್ಕೆ ಸೂತ್ರವಿಲ್ಲ, ಚೆಲ್ಲಿ ಎಣಿಸಬೇಕು. ಕವಡಿ ಸಿಗದ ಮನೆಯಲ್ಲಿ ಹುಣಸೆ ಬೀಜವನ್ನು ಒಂದು ಮಗ್ಗುಲು ತಿಕ್ಕಿ ಆಡುತ್ತಾರಲ್ಲ, ಅದಕ್ಕೆ ಮತ್ತೊಂದೇ ಅಂಕಿ. ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ದ್ವಿಪದ ವಿತರಣೆ ಬಂದಾಗ n, p ಎಂಬ ಅಕ್ಷರಗಳ ಮುಂದೆ ಕಂಗಾಲಾಗುವ ವಿದ್ಯಾರ್ಥಿ ಅದನ್ನು ಮೊದಲೇ ಕಟ್ಟೆಯ ಮೇಲೆ ಆಡಿರುತ್ತಾನೆ. ಹಾಗೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಪಿಯುಸಿಯ ಪಾಠಕ್ಕೂ ನನ್ನದೊಂದು ತಕರಾರಿದೆ. ಅಲ್ಲಿ ಗುಣಾಕಾರ ನಿಯಮ ಬರುತ್ತದೆ: ಘಟನೆಗಳು ಸ್ವತಂತ್ರವಾಗಿದ್ದರೆ ಸಂಭವನೀಯತೆಗಳನ್ನು ಗುಣಿಸಿ. ಉದಾಹರಣೆಗೆ ಮತ್ತೆ ಎರಡು ನಾಣ್ಯ, ಎರಡು ದಾಳ. ನಾಣ್ಯಗಳ ನಡುವೆ ಸಂಬಂಧವಿಲ್ಲ ಎಂಬುದು ಎಷ್ಟು ಸ್ಪಷ್ಟವೆಂದರೆ ‘ಸ್ವತಂತ್ರ’ ಎಂಬ ಷರತ್ತು ಅಲ್ಲಿ ಅಲಂಕಾರಕ್ಕೆ ನಿಂತಂತೆ ಕಾಣುತ್ತದೆ. ಅದನ್ನು ನವಲಗುಂದದ ಎರಿ ಹೊಲಕ್ಕೆ ತಂದು ನಿಲ್ಲಿಸಿದರೆ ಅದರ ತೂಕ ತಿಳಿಯುತ್ತದೆ. ಒಂದು ಹೊಲದ ಹೆಸರು ಬೆಳೆ ಹಾಳಾಗುವುದು ಐದು ವರ್ಷಕ್ಕೊಮ್ಮೆ, ಅಂದರೆ 1/5 ಎನ್ನೋಣ. ಅಕ್ಕಪಕ್ಕದ ಐದು ಹೊಲಗಳೂ ಒಂದೇ ವರ್ಷ ಹಾಳಾಗುವ ಸಂಭವನೀಯತೆ ಎಷ್ಟು? ನಿಯಮ ಕಲಿತ ವಿದ್ಯಾರ್ಥಿ 1/5ನ್ನು ಐದು ಸಲ ಗುಣಿಸಿ 3,125ರಲ್ಲಿ ಒಂದು ಎನ್ನುತ್ತಾನೆ, ಮೂರು ಸಾವಿರ ವರ್ಷಕ್ಕೊಮ್ಮೆ ಆಗುವ ಮಾತು. ಅವನ ಅಜ್ಜನನ್ನು ಕೇಳಿದರೆ ಅಂಥ ವರ್ಷಗಳನ್ನು ಬೆರಳು ಮಡಚಿ ಎಣಿಸುತ್ತಾನೆ. ಮಳೆ ಕೈಕೊಟ್ಟರೆ ಐದಕ್ಕೂ ಕೈಕೊಡುತ್ತದೆ, ಬೆಣ್ಣಿಹಳ್ಳ ಉಕ್ಕಿದರೆ ದಂಡೆಯ ಹೊಲಗಳೆಲ್ಲ ಒಟ್ಟಿಗೇ ಮುಳುಗುತ್ತವೆ. ಉತ್ತರ 1/5ರ ಆಸುಪಾಸಿನಲ್ಲೇ ಇರುತ್ತದೆ. ಒಂದೇ ಊರಿನ ರೈತರು ತಮ್ಮತಮ್ಮಲ್ಲೇ ವಂತಿಗೆ ಎತ್ತಿ ವಿಮೆ ನಡೆಸಲಾಗದಿರುವುದಕ್ಕೆ, ಅದಕ್ಕೆ ದೂರದ ಜಿಲ್ಲೆಗಳೂ ಸರ್ಕಾರದ ದುಡ್ಡೂ ಬೇಕಾಗುವುದಕ್ಕೆ ಕಾರಣ ಇದೇ. ಸ್ವಾತಂತ್ರ್ಯ ಇಲ್ಲದ ಒಂದಾದರೂ ಉದಾಹರಣೆ ಕೊಡದೆ ಗುಣಾಕಾರ ನಿಯಮ ಕಲಿಸುವುದನ್ನು ನಾನು ಅಪಾಯವೆಂದೇ ಕರೆಯುತ್ತೇನೆ.

ಬೆಳೆವಿಮೆಯ ಮಾತು ಬಂತು. 2016ರ ಮುಂಗಾರಿನಿಂದ ನಡೆದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟುವುದು ವಿಮಾ ಮೊತ್ತದ ಮೇಲೆ ಮುಂಗಾರು ಬೆಳೆಗೆ ಹೆಚ್ಚೆಂದರೆ ಶೇ 2, ಹಿಂಗಾರಿಗೆ ಶೇ 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಉಳಿದ ಕಂತು ಕೇಂದ್ರ, ರಾಜ್ಯಗಳದು. ಇಳುವರಿಯ ನಷ್ಟ ತೀರ್ಮಾನವಾಗುವುದು ಒಬ್ಬನ ಹೊಲ ನೋಡಿ ಅಲ್ಲ. ಮುಖ್ಯ ಬೆಳೆಗಾದರೆ ಗ್ರಾಮ ಪಂಚಾಯ್ತಿಯೇ ಘಟಕ. ಆ ಘಟಕದಲ್ಲಿ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗ ಮಾಡಿ, ಬಂದ ಸರಾಸರಿಯನ್ನು ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದರ ಸರಾಸರಿಯಿಂದ ಕಟ್ಟಿದ ಮಿತಿಯ ಜೊತೆ ಹೋಲಿಸುತ್ತಾರೆ. ಯಾವ ನಾಲ್ಕು ಹೊಲ? ಯಾದೃಚ್ಛಿಕ ಸಂಖ್ಯೆ ಹೇಳಿದ್ದು. ಘಟಕದಲ್ಲಿ ಆ ಬೆಳೆಯ ಹೊಲಗಳು 160 ಇದ್ದರೆ ನಿಮ್ಮದು ಆಯ್ಕೆಯಾಗುವ ಸಂಭವನೀಯತೆ 4/160, ಅಂದರೆ ನಲವತ್ತರಲ್ಲಿ ಒಂದು. ‘ನನ್ನ ಹೊಲ ಯಾಕ ನೋಡಲಿಲ್ಲ?’ ಎಂಬ ಸಿಟ್ಟಿಗೆ ಪಾಠದ ಸೂತ್ರವೇ ಉತ್ತರ. ಆದರೆ ‘ನಾಲ್ಕ ಹೊಲ ನೋಡಿ ಇಡೀ ಪಂಚಾಯ್ತಿ ಹಣೆಬರಹ ಬರೀತಾರಂತ’ ಎಂಬ ಸಿಟ್ಟಿಗೆ ಆ ಸೂತ್ರ ಸಾಲದು. ಆ ಸಿಟ್ಟಿನಲ್ಲಿ ಹುರುಳಿದೆ. ನಾಲ್ಕರ ಸರಾಸರಿ ತೂಗಾಡುತ್ತದೆ, ನಾಲ್ಕು ಬೇರೆ ಹೊಲ ಬಂದಿದ್ದರೆ ಅಂಕಿ ಬೇರೆಯಾಗುತ್ತಿತ್ತು. ಎಷ್ಟು ಹೊಲ ಕೊಯ್ದರೆ ಸಾಕು, ಕೊಯ್ಯುವ ತುಂಡು ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ಮಹಲನೋಬಿಸ್ ಮತ್ತು ಸುಖಾತ್ಮೆ ಅವರಂಥ ದಿಗ್ಗಜರೇ ಜಗಳಾಡಿದ್ದಾರೆ. ಅದಕ್ಕೂ ಮೊದಲು 1920ರ ದಶಕದಲ್ಲಿ ಹಬ್ಬಕ್ ಎಂಬ ಅಧಿಕಾರಿ ಬಿಹಾರ–ಒಡಿಶಾದ ಭತ್ತದ ಗದ್ದೆಗಳಲ್ಲಿ ಯಾದೃಚ್ಛಿಕ ಕಟಾವು ಮಾಡಿ ತೋರಿಸಿದ್ದ. ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ದೇಶ ನಮ್ಮದು. ನಮ್ಮ ಪಠ್ಯದಲ್ಲಿ ಮಾತ್ರ ಹೊಲದ ಬದಲು ದಾಳ.

ಶಿಕ್ಷಕರ ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಕವಡಿ ಲೆಕ್ಕಕ್ಕೆ ಒಂದೇ ಉತ್ತರವಿಲ್ಲ. ಅಣ್ಣಿಗೇರಿಯ ಶಾಲೆಯಲ್ಲಿ 0.43 ಬಂದರೆ ಕುಂದಗೋಳದಲ್ಲಿ 0.38 ಬರಬಹುದು, ಮೌಲ್ಯಮಾಪನದ ಕೀ ಉತ್ತರದಲ್ಲಿ ಏನು ಅಚ್ಚುಹಾಕುವುದು? ಪರೀಕ್ಷೆ ಬೋರ್ಡಿನದಾಗಿರುವತನಕ ಈ ತೊಡಕು ನಿಜ. ಮುಖ್ಯ ಪರೀಕ್ಷೆಯಲ್ಲಿ ಬೇಡ, ಆಂತರಿಕ ಮೌಲ್ಯಮಾಪನದ ಇಪ್ಪತ್ತು ಅಂಕಗಳಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಡಬಹುದು: ನೂರು ಸಲ ಚೆಲ್ಲಿದ ಪಟ್ಟಿ, ಹತ್ತು ಹತ್ತಕ್ಕೆ ಬದಲಾದ ಭಿನ್ನರಾಶಿ, ಪಕ್ಕದ ಗೆಳತಿಯ ಕವಡಿ ಬೇರೆ ಅಂಕಿ ಕೊಟ್ಟದ್ದೇಕೆ ಎಂದು ನಾಲ್ಕು ಸಾಲು. ಅಂಕ ಸಿಗಬೇಕಾದದ್ದು ಆ ನಾಲ್ಕು ಸಾಲಿಗೆ.