ಬೇಡವಾದ ಮೀನುತೊಟ್ಟಿಯ ವಿಲೇವಾರಿ

ಗಾಜಿನ ಮೀನುತೊಟ್ಟಿ ಬೇಡವಾದಾಗ ಮೊದಲು ನೋಡಬೇಕಾದುದು ಅದರೊಳಗಿನ ಜೀವಗಳ ಗತಿಯನ್ನು. ಗಾಜು ಒಡೆದರೆ ಅಪಾಯ ಒಂದು ಮನೆಗೆ. ಪರದೇಶದ ಮೀನು ಹಳ್ಳಕ್ಕೆ ಬಿದ್ದರೆ ಇಡೀ ನದಿಗೆ.

ಉದಾಹರಣೆಗೆ, ಕಲಬುರಗಿ ಜಿಲ್ಲೆಯ ನಿಂಬರ್ಗಾ ಸೀಮೆಯ ಹಳ್ಳಗಳ ನೀರು ಕೊನೆಗೆ ಸೇರುವುದು ಭೀಮೆಯನ್ನು. ಆಳಂದದ ಅಮರ್ಜಾ ನದಿಯೂ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನೇ ಕೂಡುತ್ತದೆ. ಜೇವರ್ಗಿ ದಾಟಿದ ಆ ನೀರು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಹೋಗುತ್ತದೆ. ಹೀಗಾಗಿ ಒಂದು ಹಳ್ಳಕ್ಕೆ ಬಿಟ್ಟ ಮೀನು ಅಲ್ಲೇ ಉಳಿಯುತ್ತದೆಂಬ ಭರವಸೆಯಿಲ್ಲ. ಪಾಚಿ ತಿಂದು ಗಾಜು ಚೊಕ್ಕಟ ಮಾಡುತ್ತದೆಂದು ಅಂಗಡಿಯಲ್ಲಿ ಮಾರುವ ಸಕರ್‌ಮೌತ್ ಕ್ಯಾಟ್‌ಫಿಶ್ ದಕ್ಷಿಣ ಅಮೆರಿಕದ್ದು. ಅದು ಒಂದಡಿಗೂ ಮೀರಿ ಬೆಳೆಯುತ್ತದೆ, ಮೊಟ್ಟೆಯಿಡಲು ದಂಡೆಯಲ್ಲಿ ಬಿಲ ತೋಡುತ್ತದೆ, ಗಡಸು ಮುಳ್ಳಿನಿಂದ ಮೀನುಗಾರರ ಬಲೆ ಹರಿಯುತ್ತದೆ. ಕೆರೆಗಳನ್ನು ಮುಚ್ಚಿಬಿಡುವ ಅಂತರಗಂಗೆಯೂ ಹೂವಿನ ಚೆಲುವಿಗಾಗಿ ಹೊರಗಿನಿಂದ ಬಂದ ಗಿಡವೇ.

ಆದ್ದರಿಂದ ಮೀನುಗಳನ್ನು ಮಾರಿದ ಅಂಗಡಿಗೆ ಮರಳಿಸಬೇಕು, ಇಲ್ಲವೇ ಸಾಕುವ ಮತ್ತೊಬ್ಬರಿಗೆ ಕೊಡಬೇಕು. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ ಇರಲಿ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುವುದರಿಂದ ಬೆಳಗಿನ ತಂಪಿನಲ್ಲೇ ಸಾಗಿಸಬೇಕು. ಜಲಸಸ್ಯಗಳನ್ನು ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ತಿಪ್ಪೆಗೆ ಹಾಕಬಹುದು. ಉಪ್ಪು, ಔಷಧ ಬೆರೆಸಿರದಿದ್ದರೆ ತೊಟ್ಟಿಯ ನೀರು ಹಿತ್ತಲ ಗಿಡಗಳಿಗೆ ಒಳ್ಳೆಯ ಗೊಬ್ಬರ.

ನೀರು ತೆಗೆಯುವ ಮೊದಲು ಹೀಟರ್, ಪಂಪ್‌ಗಳ ಪ್ಲಗ್ ಕೀಳಬೇಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರ್, ಅಂದರೆ ಅಷ್ಟೇ ಕಿಲೋ ನೀರು ಹಿಡಿಸುತ್ತದೆ. ಸ್ವಲ್ಪ ನೀರು ಉಳಿದಿದ್ದರೂ ಎತ್ತಿದಾಗ ಅಂಟಿನ ಬೆಸುಗೆ ಬಿಡಬಹುದು. ಹರಳನ್ನೂ ತೆಗೆದು, ಪೂರ್ತಿ ಬರಿದಾದ ಮೇಲೆ ಇಬ್ಬರು ಅಡಿಗೆ ಕೈಕೊಟ್ಟು ಎತ್ತುವುದು ಸರಿ.

ಗಡಸು ನೀರಿನ ಬಿಳಿ ಕಲೆ ವಿನೆಗರ್‌ಗೆ ಬಿಡುತ್ತದೆ. ಸೋಪು ಬಳಸಬಾರದು, ಅದರ ಶೇಷ ಮೀನಿಗೆ ವಿಷ. ಒಂದು ದಿನ ನೀರು ತುಂಬಿಟ್ಟು ನೋಡಿ, ಸೋರದ ತೊಟ್ಟಿಯನ್ನು ಶಾಲೆಗೋ ಹವ್ಯಾಸಿಗೋ ಕೊಡಬಹುದು. ಸೋರಿದರೆ ಹಳೆಯ ಸಿಲಿಕೋನ್ ಅಂಟನ್ನು ಪೂರ್ತಿ ಕೆರೆದು ತೆಗೆಯಬೇಕು, ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲ. ರಿಪೇರಿಯಾಗದ್ದು ಸಸಿ ಬೆಳೆಸಲು ಸಾಕು.

ಗಾಜನ್ನಷ್ಟೇ ಉಳಿಸಿಕೊಳ್ಳುವುದಾದರೆ ಅಂಟು ಕೊಯ್ದು ಹಲಗೆಗಳನ್ನು ಬಿಡಿಸಬಹುದು. ಸಾದಾ ಗಾಜನ್ನು ಗಾಜಿನ ಅಂಗಡಿಯವರು ಬೇಕಾದ ಅಳತೆಗೆ ಕತ್ತರಿಸಿಕೊಡುತ್ತಾರೆ. ಟಫನ್ಡ್ ಗಾಜು ಕತ್ತರಿಸಹೋದರೆ ಪುಡಿಯಾಗುತ್ತದೆ. ಒಡೆದ ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ‘ಒಡೆದ ಗಾಜು’ ಎಂದು ಬರೆದು ಬೇರೆಯಾಗಿಯೇ ಕೊಡಬೇಕು. ಕಸ ಎತ್ತುವವರ ಕೈ ಕಾಯುವುದು ಆ ಬರಹವೇ. ಪಂಪ್, ಹೀಟರ್, ದೀಪಗಳು ಇ-ತ್ಯಾಜ್ಯಕ್ಕೆ ಸೇರಬೇಕು.